ನಮ್ಮ ಸುಡುಗಾಡಿಗೆ ಸರ್ವೆ ನಂಬರಿಲ್ಲ

ಈವರೆಗೆ ಸಿಕ್ಕಿರುವ ಶಾಸನಗಳಲ್ಲಿ ಬೆಂಗಳೂರು ಅನ್ನುವ ಹೆಸರು ಮೊದಲು ಕಾಣುವುದು ಒಂದು ಸಾವಿನ ಕಲ್ಲಿನ ಮೇಲೆ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವಾಗ ಬಲಕ್ಕೆ ಒಳಗೆ ಹೋದರೆ ಬೇಗೂರು. ಅಲ್ಲಿನ ಪಂಚಲಿಂಗ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಗಂಗರ ಕಾಲದ, ಕ್ರಿ.ಶ. ಸುಮಾರು 890ರ ಆ ಕಲ್ಲಿದೆ. ಬೆಂಗಳೂರ ಕಾಳಗದಲ್ಲಿ ನಾಗತ್ತರನೆಂಬ ನಾಯಕನ ಮಗ ಸತ್ತ, ಮನೆಯ ಆಳೂ ಸತ್ತ ಅಂತ ಅದು ಹೇಳುತ್ತದೆ. ನಾಗತ್ತರನೂ ಇನ್ನೊಂದು ಕಾಳಗದಲ್ಲಿ ಬಿದ್ದ. ಅವನ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅವನ ಜಾಗಕ್ಕೆ ಬಂದವನಿಗೆ ಗಂಗರ ದೊರೆ ಬೇಗೂರು ಸೀಮೆಯ 12 ಹಳ್ಳಿ ಕೊಟ್ಟ ಅಂತಲೂ ಆ ಕಲ್ಲಿನಲ್ಲಿದೆ.

ಅಂದರೆ, ಗೆಳೆಯರೇ, ದೊರೆಗಾಗಿ ಸತ್ತರೆ ಮನೆಯಾಳಿನ ಹೆಸರೂ ಕಲ್ಲಿಗೆ ಬೀಳುತ್ತಿತ್ತು. ಊರಿಗಾಗಿ ದುಡಿದು ಸತ್ತ ನಮ್ಮೋರ ಹೆಸರು ಎಲ್ಲಿಗೆ ಬಿತ್ತು?

ಅದೇ ಸೀಮೆಯಲ್ಲಿ ನಮ್ಮ ಕೇರಿಯ ಸುಡುಗಾಡಿದೆ. ಹೆಸರಿಗೆ ಸುಡುಗಾಡು, ನಾವು ಹೂಳುವ ಜನ. ಒಲೆಗೇ ಸೌದೆ ಇಲ್ಲದವರು ಹೆಣಕ್ಕೆ ಎಲ್ಲಿಂದ ತರೋದು? ಕೆರೆಕೋಡಿಯ ಕೆಳಗೆ ಇಪ್ಪತ್ತು ಗುಂಟೆ ಜಾಗ, ಎರಡು ಹೊಂಗೆ ಮರ, ಸುತ್ತ ಜಾಲಿ. ಊರಿನವರ ಮಸಣ ಬೇರೆ, ಅದಕ್ಕೆ ಕಾಂಪೌಂಡು ಇದೆ, ಗೇಟಿದೆ. ಸತ್ತ ಮೇಲೂ ಊರು ಊರೇ, ಕೇರಿ ಕೇರಿಯೇ.

ನಮ್ಮಲ್ಲಿ ಮಲಗಿರುವವರು ಸಣ್ಣವರಲ್ಲ. ಹೊಂಗೆ ಮರದ ಬುಡದಲ್ಲಿ ನೀರಗಂಟಿ ತಾತ ಇದ್ದಾನೆ. ಕೆರೆಯ ತೂಬು ಎತ್ತೋದು, ಇಳಿಸೋದು ಅವನ ಕೈಲಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅವನ ಲೆಕ್ಕ. ಅಷ್ಟು ಗದ್ದೆಗೆ ನೀರು ಕೊಟ್ಟವನು ಊರಬಾವಿಯ ಹಗ್ಗ ಮುಟ್ಟೋ ಹಂಗಿರಲಿಲ್ಲ. ಅವನ ಪಕ್ಕಕ್ಕೆ ಸೂಲಗಿತ್ತಿ ಅವ್ವ. ಊರಿನ ಎಷ್ಟೋ ಮನೆಗಳ ಮಕ್ಕಳ ಹೊಕ್ಕುಳಬಳ್ಳಿ ಕೊಯ್ದವಳು. ಅವಳು ಹೊರಗೆ ಬಂದ ಮೇಲೆ ಅದೇ ಮನೆಗಳಲ್ಲಿ ಗಂಜಳ ಚಿಮುಕಿಸುತ್ತಿದ್ದರು. ಆಚೆಗೆ ತೋಟಿ ತಾತ. ಊರಿನ ಸಾವಿನ ಸುದ್ದಿ ಹೊತ್ತು ಹತ್ತೂರು ನಡೆದವನು.

ಇತ್ತೀಚಿನ ಗುಡ್ಡೆ ಒಬ್ಬ ಹುಡುಗನದು. ಅಪಾರ್ಟ್‌ಮೆಂಟೊಂದರ ಕೊಳಚೆ ತೊಟ್ಟಿಗೆ ಇಳಿದವನು ಮೇಲೆ ಬರಲಿಲ್ಲ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲೇ ಕಾಯ್ದೆ ಬಂದಿದೆ. ಆದರೂ 2018ರ ಜನವರಿಯಲ್ಲಿ ಎಚ್.ಎಸ್.ಆರ್. ಬಡಾವಣೆಯ ಪಕ್ಕದ ಸೋಮಸುಂದರಪಾಳ್ಯದಲ್ಲಿ ಇಂಥದೇ ತೊಟ್ಟಿಯಲ್ಲಿ ಮೂವರು ಸತ್ತರು. ಇವರದೂ ಬೆಂಗಳೂರ ಕಾಳಗವೇ. ಇವರಿಗೆ ವೀರಗಲ್ಲು ನೆಡುವವರು ಯಾರು?

ಈ ಸೀಮೆಯಲ್ಲಿ ಭೂಮಿ ಕೊಡುವುದಕ್ಕೆ ಯಾವತ್ತೂ ಬರ ಇರಲಿಲ್ಲ. 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟರು, ವೈಟ್‌ಫೀಲ್ಡ್ ಹುಟ್ಟಿತು. 1978ರಲ್ಲಿ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುಮಾಡಿತು. ಆಮೇಲೆ ಇಲ್ಲಿನ ಮಣ್ಣನ್ನು ಚದರಡಿಯಲ್ಲಿ ಅಳೆಯತೊಡಗಿದರು. ನಮ್ಮ ಇಪ್ಪತ್ತು ಗುಂಟೆಗೂ ಸರ್ವೆ ಚೈನು ಬಂತು. ಪಕ್ಕದ ಬಡಾವಣೆಯವರಿಗೆ ರಸ್ತೆ ಬೇಕಿತ್ತು.

ಬಂದವನು ಕೇಳಿದ: "ಇದು ಸ್ಮಶಾನ ಅಂತೀರಲ್ಲ, ಒಂದು ಸಮಾಧಿನಾದ್ರೂ ಎಲ್ಲಿದೆ ತೋರ್ಸಿ."

ನಮ್ಮ ಕೇರಿಯ ಅಜ್ಜಿ ಅಂದಳು: "ನಿಂತಿದ್ದೀಯಲ್ಲ ಸಾಮಿ, ನಮ್ಮವ್ವನ ಎದೆ ಮೇಲೆ."

ಅಜ್ಜಿಯ ಮಾತು ಕಾಗದಕ್ಕೆ ಏರಲಿಲ್ಲ. ಪಹಣಿಯಲ್ಲಿ ಇದ್ದದ್ದು ‘ಖರಾಬು’ ಅನ್ನುವ ಒಂದೇ ಪದ. ಖರಾಬಿನಲ್ಲಿ ಎರಡು ಬಗೆ. ರಸ್ತೆ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯದು ‘ಬ’ ಖರಾಬು. ಆ ಪದದ ಮುಂದೆ ಸ್ಮಶಾನ ಅಂತ ಬರೆದಿದ್ದರೆ ಹಿಡಿದು ಕೇಳಬಹುದಿತ್ತು. ತಲೆಮಾರುಗಳಿಂದ ಹೂಳುತ್ತಾ ಬಂದರೂ ಆ ಪದ ಯಾರೂ ಬರೆಯಲಿಲ್ಲ. ನಾವು ಬರೆಸಲೂ ಇಲ್ಲ. ಅಕ್ಷರ ನಮ್ಮ ಕೇರಿಗೆ ಬಂದದ್ದೇ ತಡವಾಗಿ. ಒಂದು ಬೆಳಿಗ್ಗೆ ಜೆಸಿಬಿ ಬಂತು, ಪಶ್ಚಿಮದ ಸಾಲು ಹೋಯಿತು. ತೋಟಿ ತಾತ ಈಗ ಟಾರಿನ ಕೆಳಗಿದ್ದಾನೆ.

ಹೆಣದ ಕೆಲಸ ಮಾತ್ರ ನಮ್ಮನ್ನು ಬಿಟ್ಟಿಲ್ಲ. 2021ರ ಬೇಸಿಗೆಯಲ್ಲಿ ಕೊರೊನಾ ಹೆಣಗಳು ಸಾಲುಗಟ್ಟಿದಾಗ ಪಣತ್ತೂರು, ಕೂಡ್ಲು, ಪೀಣ್ಯದ ಚಿತಾಗಾರಗಳಲ್ಲಿ ಹಗಲೂ ರಾತ್ರಿ ದುಡಿದವರಲ್ಲಿ ನಮ್ಮ ಜನವೇ ಹೆಚ್ಚು. ಮಕ್ಕಳೇ ಮುಟ್ಟಲು ಹೆದರಿದ ಹೆಣಗಳನ್ನು ಇವರು ಮುಟ್ಟಿದರು. ಆಗ ಯಾರಿಗೂ ಮೈಲಿಗೆ ಕಾಣಲಿಲ್ಲ.

ಕಾನೂನು ಇಲ್ಲದೆ ಇಲ್ಲ. ಅಸ್ಪೃಶ್ಯತೆಯ ಹೆಸರಲ್ಲಿ ಸ್ಮಶಾನದಿಂದ ದೂರ ಇಡುವುದು 1955ರ ಕಾಯ್ದೆಯಲ್ಲೇ ಅಪರಾಧ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. 2019ರಲ್ಲಿ ಹೈಕೋರ್ಟು, ಸ್ಮಶಾನವಿಲ್ಲದ ಹಳ್ಳಿಗಳಿಗೆ ಆರು ತಿಂಗಳಲ್ಲಿ ಜಾಗ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಆರು ತಿಂಗಳು ಕಳೆದವು. ಕೊನೆಗೆ ಅದೇ ಕೋರ್ಟು ನ್ಯಾಯಾಂಗ ನಿಂದನೆಯ ಅರ್ಜಿ ಕೈಗೆತ್ತಿಕೊಳ್ಳಬೇಕಾಯಿತು. ಕೇಳದೆ ಇದ್ದರೆ ಕಾನೂನೂ ಹೆಣದ ಹಾಗೆ ಬಿದ್ದಿರುತ್ತದೆ.

ಸ್ಮಶಾನದಲ್ಲಿ ಕೂತು ಓದಿದ್ದನ್ನು ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ಬರೆದಿದ್ದಾರೆ. ಗುಡಿಸಲಿನಲ್ಲಿ ಜಾಗವಿಲ್ಲದ ಹುಡುಗನಿಗೆ ಸತ್ತವರು ಜಾಗ ಕೊಟ್ಟಿದ್ದರು. ನಮ್ಮ ಹುಡುಗರೂ ಹೊಂಗೆ ಮರದ ಕೆಳಗೇ ಪರೀಕ್ಷೆಗೆ ಓದಿದವರು. ಈಗ ಅವರೇ ಮುದುಕರನ್ನು ಕರೆತಂದು ಕೂರಿಸಿಕೊಂಡು, ಯಾವ ಗುಡ್ಡೆ ಯಾರದು, ಏನು ಕೆಲಸ ಮಾಡುತ್ತಿದ್ದರು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ. ಉಳಿದ ಜಾಗ ಅಳೆದು ಸ್ಮಶಾನವೆಂದು ದಾಖಲಿಸಿ ಅಂತ ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದೇವೆ. ಅರ್ಜಿಯ ಜೊತೆಗೆ ಆ ಹೆಸರುಗಳ ಪಟ್ಟಿಯನ್ನೂ ಇಟ್ಟಿದ್ದೇವೆ.

ಹಳ್ಳಿಯ ಮೇಷ್ಟರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮ ಮಾತು ಇಷ್ಟೇ. ನಿಮ್ಮ ಕೇರಿಯ ಸುಡುಗಾಡಿನ ಪಹಣಿಯನ್ನು ಈ ವಾರವೇ ತೆಗೆಸಿ ಓದಿ. ಅಲ್ಲಿ ಸ್ಮಶಾನ ಅನ್ನುವ ಪದ ಇಲ್ಲದಿದ್ದರೆ ಅರ್ಜಿ ಬರೆಯಿರಿ. ಮುದುಕರು ಇರುವಾಗಲೇ ಗುಡ್ಡೆಗಳ ಹೆಸರು ಕೇಳಿ ಬರೆದುಕೊಳ್ಳಿ. ಜೆಸಿಬಿ ಬಂದ ಮೇಲೆ ಯಾರನ್ನು ಕೇಳುತ್ತೀರಿ?