ರಕ್ತಪಿಪಾಸುಗಳೂ ಒಂದು ಮನೆಯ ವಾಚಕರೂ

ಬೇಲೂರು ತಾಲ್ಲೂಕಿನ ಅರೇಹಳ್ಳಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮನೆಯೊಳಗಿನವರಿಗೆ ಉಳಿಯುವುದು ಎರಡೇ ಕೆಲಸ: ಒಲೆಯ ಮಗ್ಗುಲಲ್ಲಿ ಕುಳಿತು ಕಾಫಿ ಕುಡಿಯುವುದು, ಕುಡಿದಾದ ಮೇಲೆ ವಾದಕ್ಕೆ ತೊಡಗುವುದು. ಹೊರಗೆ ತೋಟದ ಮರಗಳಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ವಿದ್ಯುದ್ದೀಪವು ಬಂದರೆ ಬಂದಿತು, ಹೋದರೆ ಹೋಯಿತು. ಇಂಥದೊಂದು ಸಂಜೆ ಆ ಊರಿನ ಒಂದು ಮನೆಯಲ್ಲಿ ಚರ್ಚೆಗೆ ಬಂದ ವಿಷಯವು ಕಾಫಿಯ ಧಾರಣೆಯಲ್ಲ, ಮೆಣಸಿನ ಬಳ್ಳಿಯ ರೋಗವೂ ಅಲ್ಲ. ರಕ್ತ ಹೀರುವ ಹೆಣಗಳನ್ನು ಬೇಟೆಯಾಡುವ ಹೆಂಗಸೊಬ್ಬಳ ಕಥೆಯುಳ್ಳ ಇಂಗ್ಲಿಷ್ ಕಾದಂಬರಿ.

ಆ ಮನೆಯಲ್ಲಿ ಅಂದು ಇದ್ದವರು ನಾಲ್ವರು. ಎಂಬತ್ತರ ಅಂಚಿನಲ್ಲಿರುವ ನಿವೃತ್ತ ಮೇಷ್ಟರು, ಅವರ ಸೊಸೆ, ಬೆಂಗಳೂರಿನಲ್ಲಿ ಓದುತ್ತಿದ್ದು ರಜಕ್ಕೆ ಬಂದಿದ್ದ ಮೊಮ್ಮಗಳು, ಮತ್ತು ಮೇಷ್ಟರ ಅಕ್ಕ, ಎಂಬತ್ತೆಂಟು ವರ್ಷದ ವೃದ್ಧೆ, ಎಲ್ಲರ ಬಾಯಲ್ಲಿಯೂ ದೊಡ್ಡಜ್ಜಿ. ಮೊದಲಿನ ಮೂವರೂ ಪುಸ್ತಕದ ಹುಚ್ಚುಳ್ಳವರು. ದೊಡ್ಡಜ್ಜಿ ಮಾತ್ರ ಓದಿದವರಲ್ಲ, ಓದಿದ್ದನ್ನು ಕೇಳುವವರು.

ಪುಸ್ತಕವನ್ನು ತಂದವಳು ಮೊಮ್ಮಗಳು. ಅಮೆರಿಕದ ಲೇಖಕಿ ಲಾರೆಲ್ ಕೆ. ಹ್ಯಾಮಿಲ್ಟನ್ 1993ರಲ್ಲಿ ‘ಗಿಲ್ಟಿ ಪ್ಲೆಷರ್ಸ್’ ಎಂಬ ಕಾದಂಬರಿಯಿಂದ ಆರಂಭಿಸಿದ ಮಾಲೆಯ ನಾಯಿಕೆ ಅನಿಟಾ ಬ್ಲೇಕ್. ಆಕೆಯ ಊರು ಸೇಂಟ್ ಲೂಯಿಸ್. ಸತ್ತವರನ್ನು ಎಬ್ಬಿಸಿ ಮಾತನಾಡಿಸುವುದು ಆಕೆಯ ವೃತ್ತಿ. ಉಯಿಲಿನ ವ್ಯಾಜ್ಯವೆದ್ದರೆ ಹೆಣವನ್ನೇ ಎಬ್ಬಿಸಿ ಕೇಳಬಹುದಷ್ಟೆ! ಇದರ ಜೊತೆಗೆ ಅಪರಾಧವೆಸಗಿದ ರಕ್ತಪಿಪಾಸುಗಳನ್ನು ಕೊಲ್ಲುವ ಅಧಿಕಾರವೂ ಆಕೆಗುಂಟು. ಆದರೆ ಆ ಕಥೆಯ ಲೋಕದಲ್ಲಿ ರಕ್ತಪಿಪಾಸುಗಳು ಕಾನೂನಿನ ದೃಷ್ಟಿಯಲ್ಲಿ ಪ್ರಜೆಗಳು. ನ್ಯಾಯಾಲಯದ ಆಜ್ಞಾಪತ್ರವಿಲ್ಲದೆ ಅವರಲ್ಲೊಬ್ಬನನ್ನು ಕೊಂದರೆ ಅದು ಕೊಲೆಯೇ ಆಗುತ್ತದೆ.

ಈ ಮಾಲೆಯ ವಾಚಕರಲ್ಲಿ ಎರಡು ಪಂಗಡಗಳುಂಟೆಂಬುದು ಪ್ರಸಿದ್ಧವಾದ ಸಂಗತಿ. ಮೊದಲ ಒಂಬತ್ತು ಪುಸ್ತಕಗಳಲ್ಲಿ ಪತ್ತೇದಾರಿಯೇ ಪ್ರಧಾನ. ಕೊಲೆಯಾದವನಾರು, ಕೊಂದವನಾರು, ಸಾಕ್ಷ್ಯವೇನು ಎಂಬ ಜಾಡು ಹಿಡಿದು ಕಥೆ ಸಾಗುತ್ತದೆ. 2001ರಲ್ಲಿ ಬಂದ ಹತ್ತನೆಯದಾದ ‘ನಾರ್ಸಿಸಸ್ ಇನ್ ಚೈನ್ಸ್’ನಿಂದ ಮುಂದಕ್ಕೆ ಶೃಂಗಾರವು ಮೇಲುಗೈಯಾಗಿ, ಪತ್ತೇದಾರಿ ಮೂಲೆ ಸೇರಿತೆಂದು ಹಳೆಯ ಅಭಿಮಾನಿಗಳ ದೂರು. ನಾಯಿಕೆಯ ಮನಸ್ಸು ಬೆಳೆದಂತೆ ಕಥೆಯೂ ಬದಲಾಯಿತು, ಬದಲಾಗಬಾರದೇಕೆ ಎಂಬುದು ಇನ್ನೊಂದು ಪಂಗಡದ ಉತ್ತರ. ಮೊಮ್ಮಗಳು ಮೊದಲ ಪಂಗಡಕ್ಕೆ ಸೇರಿದವಳು. “ಮೊದಮೊದಲು ಆಕೆ ಕೊಲ್ಲುವುದಕ್ಕೆ ಮುಂಚೆ ವಿಚಾರಿಸುತ್ತಿದ್ದಳು. ಆಮೇಲೆ ಆಕೆಗೆ ವಿಚಾರಿಸುವುದಕ್ಕೆ ಪುರುಸೊತ್ತೇ ಇಲ್ಲ” ಎಂಬುದು ಅವಳ ಆಕ್ಷೇಪ.

ಸೊಸೆಗೆ ಇದು ಹೊಸ ವಾದವೆನಿಸಲಿಲ್ಲ. ಆಕೆಯ ಹುಡುಗಿತನದಲ್ಲಿ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸಿದಳ’ವು ಕನ್ನಡಕ್ಕೆ ಬಂದು ಮನೆಮನೆಯನ್ನೂ ಹೊಕ್ಕಿತ್ತು. 1985ರಲ್ಲಿ ಅದು ಕನ್ನಡ ಚಲನಚಿತ್ರವೂ ಆಯಿತು. ಕಾದಂಬರಿಗೆ ‘ತುಳಸಿ’ ಎಂಬ ಮುಂದಿನ ಭಾಗವೂ ಬಂದಿತು. ತುಳಸಿಯೆಂಬ ಎಳೆಯ ಮಗುವಿನ ಮೇಲೆ ಕಾಷ್ಮೋರವೆಂಬ ಕ್ಷುದ್ರಶಕ್ತಿಯನ್ನು ಪ್ರಯೋಗಿಸುತ್ತಾರೆ. ವೈದ್ಯರು ಒಂದೆಡೆ, ಮಂತ್ರವಾದಿಗಳು ಒಂದೆಡೆ ಆ ಮಗುವನ್ನು ಉಳಿಸಿಕೊಳ್ಳಲು ಹೆಣಗುತ್ತಾರೆ. ಮೂಢನಂಬಿಕೆಯನ್ನು ಬೆಳೆಸುವ ಪುಸ್ತಕವೆಂದು ಹಲವರು ಆಗಲೇ ಖಂಡಿಸಿದ್ದರು. ಸೊಸೆಯ ತಂದೆಯೂ ಖಂಡಿಸಿದ್ದರು. ಖಂಡಿಸುವುದಕ್ಕಾಗಿಯೇ ಎರಡು ಸಲ ಓದಿದ್ದರು. ಆಕೆಯ ಅಭಿಪ್ರಾಯವಾದರೋ ಇಷ್ಟೆ: “ಆ ಪುಸ್ತಕ ಓದಿದ ಮೇಲೆ ನನಗೆ ದೆವ್ವದ ಭಯ ಹೋಯಿತು, ಮಾಟ ಮಾಡಿಸುವ ಮನುಷ್ಯರ ಭಯ ಹತ್ತಿಕೊಂಡಿತು. ನೆರೆಮನೆಯ ಮುದುಕಿ ಬಾಗಿಲಲ್ಲಿ ನಿಂಬೆಹಣ್ಣು ಇಟ್ಟರೆ ಎದೆ ಝಲ್ಲೆನ್ನುತ್ತಿತ್ತು. ಪಾಪ, ಆಕೆ ಉಪ್ಪಿನಕಾಯಿಗೆಂದು ತಂದಿದ್ದು.”

ಎಲ್ಲರೂ ನಕ್ಕರು. ದೊಡ್ಡಜ್ಜಿ ನಗಲಿಲ್ಲವೆಂಬುದನ್ನು ಆಗ ಯಾರೂ ಗಮನಿಸಲಿಲ್ಲ.

ಮೇಷ್ಟರದು ಮೂಲಕ್ಕೆ ಹೋಗುವ ಸ್ವಭಾವ. ಈ ಬೇಟೆಗಾರರಿಗೆಲ್ಲ ಹಿರಿಯನು ಬ್ರಾಂ ಸ್ಟೋಕರನ ‘ಡ್ರಾಕುಲಾ’ದ ಪ್ರೊಫೆಸರ್ ವಾನ್ ಹೆಲ್ಸಿಂಗ್ ಎಂದು ಅವರು ನೆನಪಿಸಿದರು. ಆ ಕಾದಂಬರಿಯು ಲಂಡನ್ನಿನಲ್ಲಿ ಪ್ರಕಟವಾದುದು 1897ರ ಮೇ ತಿಂಗಳಿನಲ್ಲಿ. ಅದರಲ್ಲಿ ರಕ್ತಪಿಪಾಸುವನ್ನು ಗೆಲ್ಲುವುದು ಬೆಳ್ಳುಳ್ಳಿಯೂ ಅಲ್ಲ, ಶಿಲುಬೆಯೂ ಅಲ್ಲ, ದಿನಚರಿ. ಮೀನಾ ಎಂಬ ಹೆಂಗಸು ಎಲ್ಲರ ದಿನಚರಿ, ಕಾಗದ, ತಂತಿ, ಪತ್ರಿಕೆಯ ತುಣುಕುಗಳನ್ನು ಬೆರಳಚ್ಚು ಮಾಡಿ, ತಾರೀಖಿನಂತೆ ಜೋಡಿಸಿಟ್ಟ ಮೇಲೆಯೇ ಬೇಟೆಗಾರರಿಗೆ ದಾರಿ ಕಾಣುವುದು. ಹಾಜರಿ ಪುಸ್ತಕವನ್ನು ಮೂವತ್ತೈದು ವರ್ಷ ಚೊಕ್ಕಟವಾಗಿ ಇಟ್ಟ ಮೇಷ್ಟರಿಗೆ ಈ ಭಾಗವು ಬಹಳ ಪ್ರಿಯವಾದದ್ದು.

ಮುಂದುವರಿದು ಅವರು ನಮ್ಮ ಬೇತಾಳನ ವಿಷಯಕ್ಕೆ ಬಂದರು. ರಿಚರ್ಡ್ ಬರ್ಟನ್ ಎಂಬಾತನು 1870ರಲ್ಲಿ ವಿಕ್ರಮ-ಬೇತಾಳರ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದಾಗ ಬೇತಾಳನಿಗೆ ‘ವ್ಯಾಂಪೈರ್’ ಎಂದೇ ಹೆಸರು ಕೊಟ್ಟನು. ಇದು ಅನ್ಯಾಯವೆಂದು ಮೇಷ್ಟರ ಮತ. ಬೇತಾಳನು ಹೆಣವನ್ನು ಹೊಕ್ಕವನೇನೋ ಹೌದು. ಆದರೆ ರಾಜನ ಹೆಗಲೇರಿ ಅವನು ರಕ್ತವನ್ನು ಹೀರುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಹಾಸನಕ್ಕೆ ಹೋಗುವ ದಾರಿಯಲ್ಲಿರುವ ದೊಡ್ಡಗದ್ದವಳ್ಳಿಯಲ್ಲಿ, ಹನ್ನೆರಡನೆಯ ಶತಮಾನದ ಆದಿಯಲ್ಲಿ ಕಟ್ಟಿದ ಲಕ್ಷ್ಮೀದೇವಿಯ ಗುಡಿಯೊಳಗೆ, ಕಾಳಿಯ ಬಾಗಿಲ ಇಕ್ಕೆಲದಲ್ಲಿ ಎಲುಬಿನ ಗೂಡಿನಂತಹ ಇಬ್ಬರು ಬೇತಾಳರು ನಿಂತಿದ್ದಾರೆ. ಹೊಯ್ಸಳರ ಕಾಲದ ಶಿಲ್ಪಿಯು ಅವರನ್ನು ಕಾವಲಿಗೆ ನಿಲ್ಲಿಸಿದನೇ ಹೊರತು ಅವರ ಎದೆಗೆ ಗೂಟ ಹೊಡೆಯಲಿಲ್ಲ. “ಬೇತಾಳನ ಕಟ್ಟಳೆ ಒಂದೇ,” ಎಂದರು ಮೇಷ್ಟರು. “ಉತ್ತರ ತಿಳಿದೂ ಹೇಳದೆ ಸುಮ್ಮನಿದ್ದರೆ ತಲೆ ಸಿಡಿದು ಹೋಳಾಗುತ್ತದೆ.”

ಆ ದೇಶಗಳಲ್ಲಿ ಈ ಗೂಟದ ಕಥೆ ಬರಿಯ ಕಥೆಯಾಗಿರಲಿಲ್ಲವೆಂಬುದನ್ನೂ ಅವರು ಹೇಳಿದರು. ಅಮೆರಿಕದ ರೋಡ್ ಐಲೆಂಡಿನ ಎಕ್ಸೆಟರ್ ಎಂಬ ಹಳ್ಳಿಯಲ್ಲಿ ಮರ್ಸಿ ಬ್ರೌನ್ ಎಂಬ ಹತ್ತೊಂಬತ್ತು ವರ್ಷದ ಹುಡುಗಿ 1892ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡಳು. ತಾಯಿಯೂ ಅಕ್ಕನೂ ಮೊದಲೇ ಹೋಗಿದ್ದರು, ಅಣ್ಣನು ಮಲಗಿದ್ದನು. ಸತ್ತವರಲ್ಲಿ ಒಬ್ಬರು ಗೋರಿಯಿಂದ ಬಂದು ಅವನ ಜೀವವನ್ನು ಹೀರುತ್ತಿದ್ದಾರೆಂದು ನೆರೆಹೊರೆಯವರು ನಿಶ್ಚಯಿಸಿ, ಮಾರ್ಚ್ ತಿಂಗಳಿನಲ್ಲಿ ಹೆಣಗಳನ್ನು ತೆಗೆಸಿದರು. ಕೊರೆಯುವ ಚಳಿಯಲ್ಲಿದ್ದ ಮರ್ಸಿಯ ದೇಹವು ಕೆಟ್ಟಿರಲಿಲ್ಲ. ಅವಳ ಹೃದಯವನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಅಣ್ಣನಿಗೆ ಕುಡಿಸಿದರು. ಅವನೂ ಉಳಿಯಲಿಲ್ಲ. ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ಕಂಡುಹಿಡಿದು ಲೋಕಕ್ಕೆ ಸಾರಿ ಆಗಲೇ ಹತ್ತು ವರ್ಷವಾಗಿತ್ತು.

“ಎಂಥ ಜನ!” ಎಂದಳು ಮೊಮ್ಮಗಳು.

“ಅಷ್ಟು ದೂರ ಯಾಕೆ ಹೋಗಬೇಕು ಮಗೂ?” ಎಂದಿತು ಮೂಲೆಯಿಂದ ದೊಡ್ಡಜ್ಜಿಯ ದನಿ. “ಈ ಮನೆಯಲ್ಲೇ ನಡೆದಿದೆ.”

ಮೇಷ್ಟರು ತಿರುಗಿ ನೋಡಿದರು. ತಮಗೊಬ್ಬ ಅಣ್ಣನಿದ್ದು ನಾಲ್ಕನೆಯ ವರ್ಷದಲ್ಲಿ ಜ್ವರದಿಂದ ಹೋದನೆಂಬಷ್ಟು ಮಾತ್ರ ಅವರು ಬಲ್ಲರು. ಆಗ ಅವರು ತೊಟ್ಟಿಲ ಕೂಸು. ಅಕ್ಕನಿಗೆ ಎಂಟು ವರ್ಷ.

ಮಗುವಿಗೆ ದಿನ ಬಿಟ್ಟು ದಿನ ಚಳಿಜ್ವರ ಬರುತ್ತಿತ್ತಂತೆ. ಹೊಟ್ಟೆಯ ಎಡಮಗ್ಗುಲಲ್ಲಿ ಜ್ವರಗಡ್ಡೆ ಕಟ್ಟಿ, ತುಟಿ, ಉಗುರು, ಕಿವಿಯ ಅಂಚು ಎಲ್ಲವೂ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಆ ಮನೆಯ ಮೂರು ಮಕ್ಕಳನ್ನೂ ಕೈಯಲ್ಲಿ ಹಿಡಿದು ಭೂಮಿಗೆ ತಂದ ಸೂಲಗಿತ್ತಿಯೊಬ್ಬಳು ದಿನವೂ ಮುಚ್ಚಂಜೆಗೆ ಬಂದು, ಕಷಾಯ ಕುಡಿಸಿ, ಮಗುವಿನ ಅಂಗಾಲು ತಿಕ್ಕಿ ಹೋಗುತ್ತಿದ್ದಳು. ಆಕೆ ಗಂಡನಿಲ್ಲದವಳು, ಮಕ್ಕಳಿಲ್ಲದವಳು. ಯಾರ ಬಾಯಿಂದ ಮಾತು ಹೊರಟಿತೋ ತಿಳಿಯದು: ಅವಳು ಬಂದು ಹೋದ ಮರುದಿನ ಮಗು ಇನ್ನಷ್ಟು ಬಿಳಚಿಕೊಳ್ಳುತ್ತದೆ, ರಕ್ತ ಹೀರುತ್ತಿದ್ದಾಳೆ. ಒಂದು ಸೋಮವಾರ ಮನೆಯ ಯಜಮಾನರು ಆಕೆಯನ್ನು ಉಣುಗೋಲಿನ ಆಚೆಗೇ ತಡೆದರು. ಮುಂದಿನ ವಾರ, ಮಂಗಳವಾರ ಬೆಳಗಿನ ಜಾವ, ಮಗು ತೀರಿಕೊಂಡಿತು. ಆ ಬಳಿಕ ಊರಿನಲ್ಲಿ ಯಾರೂ ಆಕೆಯನ್ನು ಬಾಣಂತನಕ್ಕೆ ಕರೆಯಲಿಲ್ಲ. ಕೆಲವು ತಿಂಗಳಾದ ಮೇಲೆ ಆಕೆ ಗಂಟು ಕಟ್ಟಿಕೊಂಡು ಘಟ್ಟದ ದಾರಿ ಹಿಡಿದಳು. ಉಣುಗೋಲಿನ ಬಳಿ ನಿಂತಿದ್ದ ಹುಡುಗಿಯನ್ನು ಕಂಡು, “ಸಣ್ಣ ತಮ್ಮನ್ನ ಚೆನ್ನಾಗಿ ನೋಡಿಕೊಳ್ಳವ್ವ” ಎಂದು ಹೇಳಿಹೋದಳಂತೆ.

“ಅವಳು ಬರುವುದು ನಿಂತದ್ದು ಸೋಮವಾರ,” ಎಂದರು ದೊಡ್ಡಜ್ಜಿ. “ಆಮೇಲೆ ಎಂಟು ದಿನವೂ ಮಗು ಬಿಳಚಿಕೊಳ್ಳುತ್ತಲೇ ಇತ್ತು. ನನಗೆ ಎಂಟು ವರ್ಷ. ದಿನ ಎಣಿಸುವುದಕ್ಕೆ ಬರುತ್ತಿತ್ತು. ಎಣಿಸಿದ್ದೆ. ಅಪ್ಪನಿಗೆ ಹೇಳಲಿಲ್ಲ. ಅಪ್ಪ ಹೋಗುವವರೆಗೂ ಹೇಳಲಿಲ್ಲ.”

ಮಲೆನಾಡಿನ ಆ ಕಾಲದ ವೃತ್ತಾಂತವನ್ನು ಬಲ್ಲವರಿಗೆ ಆ ಮಗುವಿನ ರಕ್ತ ಎಲ್ಲಿ ಹೋಯಿತೆಂದು ಹೇಳಬೇಕಾದುದಿಲ್ಲ. ಮಲೇರಿಯಾದ ಪರೋಪಜೀವಿಯು ರಕ್ತದ ಕೆಂಪು ಕಣಗಳನ್ನು ಹೊಕ್ಕು ಒಡೆಯುತ್ತದೆ. ಒಡೆದ ಕಣಗಳ ಭಾರಕ್ಕೆ ಗುಲ್ಮವು ಊದಿಕೊಂಡು ಗಡ್ಡೆಯಾಗುತ್ತದೆ. ಅದನ್ನು ಹೊತ್ತು ತರುವ ಸೊಳ್ಳೆಯ ಒಂದು ಜಾತಿಯು ಬೆಟ್ಟದ ಸೀಮೆಯ ತಿಳಿನೀರಿನ ತೊರೆಗಳ ಅಂಚಿನಲ್ಲಿ ಬೆಳೆದು, ಇರುಳಿನಲ್ಲಿ ಮನೆಯನ್ನು ಹೊಗುತ್ತದೆ. ಡ್ರಾಕುಲಾ ಮೊದಲ ಸಲ ಒಳಗೆ ಕಾಲಿಡಬೇಕಾದರೆ ಮನೆಯವರಾರಾದರೂ ಕರೆಯಬೇಕು. ಈ ರಕ್ತಪಿಪಾಸುವಿಗೆ ಆ ಮರ್ಯಾದೆಯೂ ಬೇಡ. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸಕ್ಕೆ ನಿಯುಕ್ತನಾಗಿದ್ದ ರೊನಾಲ್ಡ್ ರಾಸ್ ಎಂಬ ವೈದ್ಯನು, ಎರಡು ವರ್ಷಗಳ ತರುವಾಯ ಸಿಕಂದರಾಬಾದಿನಲ್ಲಿ, ರೋಗಿಯ ರಕ್ತ ಕುಡಿದ ಸೊಳ್ಳೆಯ ಜಠರದಲ್ಲಿ ಆ ಪರೋಪಜೀವಿಯನ್ನು ಕಂಡನು. ತಾರೀಖು 1897ರ ಆಗಸ್ಟ್ 20; ‘ಡ್ರಾಕುಲಾ’ ಪ್ರಕಟವಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಕಥೆಯ ರಕ್ತಪಿಪಾಸುವೂ ನಿಜವಾದ ರಕ್ತಪಿಪಾಸುವೂ ಒಂದೇ ವರ್ಷ ಲೋಕಕ್ಕೆ ಪರಿಚಿತರಾದರು. ಆದರೆ ಆ ಮನೆಯ ಉಣುಗೋಲನ್ನು ದಾಟಿ ಒಳಗೆ ಬರಲು ನಿಜದ ಸಮಾಚಾರಕ್ಕೆ ಅರ್ಧ ಶತಮಾನ ಹಿಡಿಯಿತು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು 1953ರಲ್ಲಿ ಆರಂಭವಾಯಿತು. ಪಂಪು ಹೊತ್ತ ಆಳುಗಳು ಬಂದು, ಡಿ.ಡಿ.ಟಿ. ಹೊಡೆದು, ಗೋಡೆಯ ಮೇಲೆ ತಾರೀಖನ್ನು ಬರೆದು ಹೋದರು. ಊರಿನಲ್ಲಿ ಜ್ವರ ಇಳಿಯಿತು. ಯಜಮಾನರು ಆ ತಾರೀಖನ್ನು ದಿನವೂ ನೋಡುತ್ತಿದ್ದರು, ಸುಣ್ಣ ಬಳಿಯುವವರೆಗೆ. ಬಾಯಿ ತೆರೆದು ಒಂದು ಮಾತನ್ನೂ ಆಡಲಿಲ್ಲವೆಂದು ದೊಡ್ಡಜ್ಜಿ ಹೇಳಿದರು.

ಇಂಥ ಪುಸ್ತಕಗಳನ್ನು ಕುರಿತು ವಾಚಕರು ಸಾಮಾನ್ಯವಾಗಿ ಕೇಳುವುದು, ದೆವ್ವವುಂಟೇ ಇಲ್ಲವೇ, ಓದಿದರೆ ಮಕ್ಕಳು ಕೆಡುವರೇ ಎಂಬ ಪ್ರಶ್ನೆಗಳನ್ನು. ಕರ್ನಾಟಕದಲ್ಲಿ ಮಾಟಮಂತ್ರದ ಹೆಸರಿನ ಅಮಾನುಷ ಪದ್ಧತಿಗಳನ್ನು ತಡೆಯುವ ಶಾಸನವು 2017ರಲ್ಲಿ ಆಯಿತು. ಅದು ಬೇಕಾಗಿದ್ದುದು ಕಾದಂಬರಿಗಳ ದೆಸೆಯಿಂದಲ್ಲ. ಸೂಲಗಿತ್ತಿಯನ್ನು ಓಡಿಸಿದವರಾರೂ ‘ಡ್ರಾಕುಲಾ’ವನ್ನು ಓದಿದವರಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಪುಸ್ತಕದ ಬೇಟೆಗಾರನು ಗೂಟವನ್ನೆತ್ತುವ ಮೊದಲು ದಿನಗಳನ್ನು ಎಣಿಸುತ್ತಾನೆಯೇ? ಎಣಿಸುವವನ ಕಥೆಯು ದೆವ್ವದ ಕಥೆಯಾದರೂ ವಿವೇಕವನ್ನೇ ಕಲಿಸೀತು. ಎಣಿಸದವನ ಕಥೆಯಲ್ಲಿ ದೆವ್ವವೇ ಇಲ್ಲದಿದ್ದರೂ ಕೇಡು ತಪ್ಪದು.

“ಅವಳ ಹೆಸರೇನು ದೊಡ್ಡಜ್ಜಿ?” ಎಂದು ಮೊಮ್ಮಗಳು ಕೇಳಿದಳು.

“ಸೂಲಗಿತ್ತಿ ಅಂತಲೇ ಕರೆಯುತ್ತಿದ್ದೆವು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.”

ಮೇಷ್ಟರು ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡು ಕುಳಿತಿದ್ದರು. ತಮ್ಮನ್ನು ಮೊದಲು ಹಿಡಿದೆತ್ತಿದ ಕೈ ಯಾವುದೆಂಬುದು ಎಂಬತ್ತು ವರ್ಷದ ಮೇಲೆ ಅವರಿಗೆ ತಿಳಿದಿತ್ತು. ಅಷ್ಟರಲ್ಲಿ ದೀಪ ಬಂದಿತು. ಸೊಸೆ ಒಲೆಯ ಬೆಂಕಿಯನ್ನು ಒಳದೂಡಿ ಮತ್ತೊಮ್ಮೆ ಕಾಫಿಗೆ ನೀರಿಟ್ಟಳು.

“ಆ ಅಮೆರಿಕದ ಹುಡುಗಿ ಕೋರ್ಟಿನ ಕಾಗದ ಬರಲಿ ಅಂತ ಕಾಯುತ್ತಾಳಲ್ಲ,” ಎಂದರು ದೊಡ್ಡಜ್ಜಿ, “ಅದನ್ನು ಇನ್ನೊಂದು ಸಲ ಓದಿ ಹೇಳು ಮಗೂ. ನಿಧಾನವಾಗಿ ಓದು.”