ಅಡಿಗೆಮನೆಗೊಪ್ಪುವ ಸಾಮಾನು

ಮನೆಯ ಅಂದವನ್ನು ಅಳೆಯುವವರು ಚಾವಡಿಯನ್ನು ನೋಡುತ್ತಾರೆ, ಅಂಗಳವನ್ನು ನೋಡುತ್ತಾರೆ, ಹೆಚ್ಚೆಂದರೆ ದೇವರ ಕೋಣೆಯ ಬಾಗಿಲಿನ ಕೆತ್ತನೆಯನ್ನು ಕಂಡು ತಲೆದೂಗುತ್ತಾರೆ. ಅಡಿಗೆಮನೆಯವರೆಗೆ ನಡೆದು ಬರುವ ಅತಿಥಿಗಳು ವಿರಳ. ಅದರಿಂದಲೋ ಏನೋ, ಅಡಿಗೆಯ ಸಾಮಾನುಗಳಿಗೂ ಅಲಂಕಾರವೆಂಬುದೊಂದು ಬೇಕೆಂದು ನಮ್ಮ ಹಿರಿಯರು ಪ್ರತ್ಯೇಕವಾಗಿ ಯೋಚಿಸಿದಂತೆ ತೋರುವುದಿಲ್ಲ. ಆದರೂ ಕಂಚಿನ ಉರುಳಿಯ ಅಂಚನ್ನು, ಹೆರೆಮಣೆಯ ಕಾಲುಗಳನ್ನು, ಗೆರಟೆ ಸೌಟಿನ ಹಿಡಿಯನ್ನು ಸಾವಧಾನವಾಗಿ ನೋಡಿದವರಿಗೆ, ಅವನ್ನು ಮಾಡಿದವರು ಕಣ್ಣಿದ್ದವರೆಂಬುದು ತಿಳಿಯದೆ ಇರದು. ಅಂದವು ಅಲ್ಲಿ ಉಪಯೋಗದ ಒಳಗೇ ಅಡಗಿ ಕುಳಿತಿತ್ತು. ಇಂದು ಅದು ಹೊರಗೆ ಬಂದು ಪ್ರತ್ಯೇಕವಾಗಿ ಬೆಲೆ ಕೇಳುತ್ತಿದೆ.

ಈ ವಿಚಾರವನ್ನು ನಾವು ಎತ್ತಿಕೊಳ್ಳಲು ಕಾರಣವಿದೆ. ಕಳೆದ ವರ್ಷ ನಮ್ಮ ಹಿರಿಯ ಮಗನ ವಿವಾಹ ನಿಶ್ಚಯವಾಯಿತು. ಹೊಗೆಯಿಂದ ಕಪ್ಪಾದ ಹಳೆಯ ಅಡಿಗೆಮನೆಗೆ ಹೊಸ ನೆಲ ಹಾಸಿ, ಕಟ್ಟೆಯನ್ನು ಎತ್ತರಿಸಿ, ಗೋಡೆಗೆ ಬಿಳಿಯ ಟೈಲ್ಸ್ ಕೂರಿಸಿದೆವು. ಕಟ್ಟಡದ ಕೆಲಸ ಮುಗಿದಾಗ ಸಾಮಾನಿಗೆಂದು ಕೈಯಲ್ಲಿ ಉಳಿದುದು 20,000 ರೂಪಾಯಿ. ಬರುವ ವರ್ಷ ಸೇವೆಯಿಂದ ನಿವೃತ್ತರಾಗಲಿರುವ ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರಿಗೆ ಇದು ಸಣ್ಣ ಮೊತ್ತವಲ್ಲ. ಅದನ್ನು ಹೇಗೆ ಖರ್ಚು ಮಾಡಬೇಕೆಂಬುದರಲ್ಲಿ ಮನೆಯೊಳಗೆ ಮೂರು ಅಭಿಪ್ರಾಯಗಳಿದ್ದುವು. ಹಳೆಯದೊಂದನ್ನೂ ಎಸೆಯಕೂಡದೆಂಬುದು ತಾಯಿಯವರ ಮತ. ನಮ್ಮ ಮನೆಯವರಿಗೆ ಹಗುರವಾದ, ತೊಳೆಯಲು ಸುಲಭವಾದ ಪಾತ್ರೆಗಳು ಬೇಕು. ಮಗನಾದರೋ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸುತ್ತಾ, ಎಲ್ಲವೂ ಒಂದೇ ಬಣ್ಣದ, ಒಂದೇ ಆಕಾರದ ಜೋಡಣೆಯಾಗಿರಬೇಕೆಂದನು.

ಆ ಚಿತ್ರಗಳು ಚೆಲುವಾಗಿದ್ದುವೆಂಬುದನ್ನು ಒಪ್ಪಲೇಬೇಕು. ಬೂದು ಬಣ್ಣದ ಹದಿನೆಂಟು ಡಬ್ಬಿಗಳು ಸೈನಿಕರಂತೆ ಸಾಲಾಗಿ ನಿಂತಿದ್ದುವು. ಅವುಗಳನ್ನು ಬಹಳ ಹೊತ್ತು ನೋಡಿದ ನಮ್ಮ ತಾಯಿಯವರು, "ಇನ್ನು ನನಗೆ ಇಲ್ಲಿ ಏನೂ ಕೈಗೆ ಸಿಕ್ಕುವುದಿಲ್ಲ ಮಗಾ" ಎಂದಷ್ಟೇ ಹೇಳಿ ಎದ್ದು ಹೋದರು. ಅವರಿಗೆ ಈಗ ಎಂಬತ್ತು ವರ್ಷ. ಒಂದು ಕಣ್ಣಿನ ಪೊರೆಯನ್ನು ತೆಗೆಸಿದ್ದೇವೆ. ಇನ್ನೊಂದರ ದೃಷ್ಟಿ ಮಂದ. ಆದರೂ ಬೆಳಗಿನ ಗಂಜಿಯನ್ನೂ ಸಂಜೆಯ ಒಗ್ಗರಣೆಯನ್ನೂ ಅವರು ಬಿಟ್ಟುಕೊಟ್ಟವರಲ್ಲ. ಅವರ ಲೆಕ್ಕದಲ್ಲಿ ಉಪ್ಪು ಎಂದರೆ ಮೂಲೆಯಲ್ಲಿರುವ ದಪ್ಪ ಭರಣಿ, ಸಾಸಿವೆ ಎಂದರೆ ಸಾಂಬಾರ ಬಟ್ಟಲಿನ ಬಲಗಡೆಯ ಕುಳಿ, ಬೆಲ್ಲವೆಂದರೆ ಮುಚ್ಚಳ ಸಡಿಲವಾದ ಪಿತ್ತಳೆಯ ಡಬ್ಬ. ಕಣ್ಣು ಕೈಕೊಟ್ಟರೂ ಕೈಗೆ ದಾರಿ ಗೊತ್ತಿತ್ತು. ಹದಿನೆಂಟು ಒಂದೇ ತೆರನಾದ ಡಬ್ಬಿಗಳೆಂದರೆ ಅವರ ಪಾಲಿಗೆ ಅಡಿಗೆಮನೆಯ ಬಾಗಿಲನ್ನೇ ಮುಚ್ಚಿದಂತೆ.

ಅಧ್ಯಾಪಕ ತರಬೇತಿಯಲ್ಲಿ ನಮಗೆ ಪಾಠೋಪಕರಣಗಳ ವಿಷಯವಾಗಿ ಒಂದು ಮಾತನ್ನು ಹೇಳಿಕೊಡುತ್ತಿದ್ದರು: ಚಿತ್ರಪಟವು ಎಷ್ಟೇ ಸುಂದರವಾಗಿರಲಿ, ಕೊನೆಯ ಬೆಂಚಿನ ಮಗುವಿಗೆ ಕಾಣದಿದ್ದರೆ ಅದು ಉಪಕರಣವಲ್ಲ. ಮಕ್ಕಳ ಶಾಲೆಗೆ ಹೇಳಿದ ಈ ಸೂತ್ರವು ಅಡಿಗೆಮನೆಗೆ ಇಷ್ಟು ಸರಿಯಾಗಿ ಹೊಂದುವುದೆಂದು ನಾವು ಎಣಿಸಿರಲಿಲ್ಲ. ಡಬ್ಬಿಗಳ ಆ ಜೋಡಣೆಯನ್ನು ಕೈಬಿಟ್ಟೆವು. ಮಗನು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದನು, ಅದು ಇರಲಿ.

ಬಣ್ಣದ ವಿಷಯದಲ್ಲಿ ನಾವು ಅನಂತರ ಕಂಡುಕೊಂಡುದು ಇದು. ಬಿಳಿಯ ಕಟ್ಟೆಯ ಮೇಲೆ ಬಿಳಿಯ ತಟ್ಟೆ, ಬಿಳಿಯ ಹಲಗೆಯ ಮೇಲೆ ತೆಂಗಿನ ತುರಿ, ಇವು ಮಂದದೃಷ್ಟಿಯವರಿಗೆ ಕಾಣುವುದೇ ಇಲ್ಲ. ಆದುದರಿಂದ ಹಲಸಿನ ಮರದ ಕಪ್ಪುಗೆಂಪಿನ ಹಲಗೆಯೊಂದನ್ನು ಬಡಗಿಯಿಂದ ಮಾಡಿಸಿದೆವು. ಅದರ ಮೇಲೆ ಬೆಳ್ಳುಳ್ಳಿಯೂ ತೆಂಗಿನಕಾಯಿಯ ಹೋಳೂ ಎದ್ದು ಕಾಣುತ್ತವೆ. ಚೂರಿಗಳ ಹಿಡಿ ಕೆಂಪಾಗಿರಲಿ ಎಂದೆವು. ಕಟ್ಟೆಯ ಅಂಚಿಗೆ ಎರಡು ಬೆರಳಗಲದ ಕಪ್ಪು ಕಲ್ಲಿನ ಪಟ್ಟಿಯನ್ನು ಕೂರಿಸಿದೆವು. ಲೋಟವನ್ನಿಡುವಾಗ ಅಂಚು ಎಲ್ಲಿ ಮುಗಿಯಿತೆಂಬುದು ಈಗ ತಾಯಿಯವರಿಗೆ ತಿಳಿಯುತ್ತದೆ. ನೋಡಿದವರೆಲ್ಲರೂ ಇದನ್ನು ಹೊಸ ಫ್ಯಾಶನ್ನೆಂದೇ ತಿಳಿದು ಹೊಗಳುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ.

ಪಾತ್ರೆಗಳ ಆಯ್ಕೆಗಾಗಿ ಕಾಸರಗೋಡು ಪೇಟೆಯ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿಯ ಮಾರಾಟಗಾರನು ಪ್ರತಿಯೊಂದು ಸ್ಟೀಲ್ ಪಾತ್ರೆಗೂ ಅಯಸ್ಕಾಂತವನ್ನು ತಾಗಿಸಿ, "ನೋಡಿ ಮಾಷ್ಟ್ರೇ, ಹಿಡಿಯುವುದಿಲ್ಲ, ಇದು ಒರಿಜಿನಲ್" ಎಂದನು. ಈ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿಯೂ ಇರುವುದರಿಂದ ಒಂದೆರಡು ಮಾತು ಹೇಳುವುದು ಯುಕ್ತ. ಅಡಿಗೆಗೆ ಉತ್ತಮವೆನಿಸಿದ 304 ಎಂಬ ದರ್ಜೆಯ ಉಕ್ಕಿನಲ್ಲಿ ಸುಮಾರು 18 ಶೇಕಡಾ ಕ್ರೋಮಿಯಮ್, 8 ಶೇಕಡಾ ನಿಕ್ಕಲ್ ಇರುತ್ತವೆ. ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲವೆಂಬುದು ನಿಜ. ಆದರೆ ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸನ್ನು ಬೆರೆಸಿದ, ಬೆಲೆಯಲ್ಲಿ ಅಗ್ಗವಾದ 200ರ ಸಾಲಿನ ಉಕ್ಕಿಗೂ ಅಯಸ್ಕಾಂತ ಹಿಡಿಯುವುದಿಲ್ಲ. ಉಪ್ಪು ಹುಳಿಗಳ ಸಹವಾಸದಲ್ಲಿ ಇದಕ್ಕೆ ಕಲೆ ಬೀಳುವುದು ಬೇಗ. ಇನ್ನು ಇಂಡಕ್ಷನ್ ಒಲೆಯ ಮೇಲಿಡುವ ಪಾತ್ರೆಯ ತಳಕ್ಕಾದರೋ ಅಯಸ್ಕಾಂತ ಹಿಡಿಯಲೇಬೇಕು. ಹಿಡಿಯದಿದ್ದರೆ ಅದು ಕಾಯುವುದೇ ಇಲ್ಲ. ಆದುದರಿಂದ ಅಂಗಡಿಯವರ ಅಯಸ್ಕಾಂತವನ್ನು ನಂಬುವ ಬದಲು ಪಾತ್ರೆಯ ತಳದಲ್ಲಿ ಒತ್ತಿದ ದರ್ಜೆಯ ಸಂಖ್ಯೆಯನ್ನು ಓದುವುದು ಒಳ್ಳೆಯದು. ನಿತ್ಯ ಬಳಕೆಗೆ ಆರು ಪಾತ್ರೆಗಳನ್ನಷ್ಟೇ ಕೊಂಡೆವು. ಅವುಗಳಲ್ಲಿ ನಾಲ್ಕಕ್ಕೆ ಎರಡು ಕಿವಿಗಳಿವೆ.

ಎರಡು ಕಿವಿಗಳೇ ಏಕೆ ಎಂದರೆ, ನಮ್ಮ ಮನೆಯವರ ಬಲಗೈಯ ಮಣಿಕಟ್ಟು ನಾಲ್ಕು ವರ್ಷಗಳಿಂದ ನೋಯುತ್ತಿದೆ. ಒಂದೇ ಉದ್ದನೆಯ ಹಿಡಿಯ ಪಾತ್ರೆಯನ್ನು ತುಂಬಿದ ಸಾರಿನೊಡನೆ ಎತ್ತುವಾಗ ಭಾರವೆಲ್ಲ ಮಣಿಕಟ್ಟಿನ ಮೇಲೆಯೇ ಬೀಳುತ್ತದೆ; ಎರಡು ಕೈಯಿಂದ ಹಿಡಿದರೆ ಆ ಭಾರ ತೋಳುಗಳಿಗೆ ಹಂಚಿಹೋಗುತ್ತದೆ. ಏಳನೆಯ ತರಗತಿಯ ಮಕ್ಕಳಿಗೆ ಸನ್ನೆಕೋಲಿನ ಪಾಠವನ್ನು ಎಷ್ಟೋ ವರ್ಷ ಹೇಳಿದ್ದೇವೆ. ಅದೇ ಸನ್ನೆಕೋಲು ನಮ್ಮ ಮನೆಯ ಒಲೆಯ ಮೇಲೆ ದಿನಕ್ಕೆ ಮೂರು ಸಲ ಏಳುತ್ತಿತ್ತು. ಆಕೆಯು ಬಾಯಿಬಿಟ್ಟು ದೂರಿದವರಲ್ಲ. ಅಂಗಡಿಯಲ್ಲಿ ಪ್ರತಿ ಪಾತ್ರೆಯನ್ನೂ ಕೈಗೆತ್ತಿಕೊಂಡು, ಸ್ವಲ್ಪ ಹೊತ್ತು ಹಿಡಿದು ನಿಂತು, ಮಾತಿಲ್ಲದೆ ಕೆಳಗಿಡುತ್ತಿದ್ದುದನ್ನು ನೋಡಿಯೇ ಯಾವುದು ಬೇಡವೆಂಬುದು ನಮಗೆ ತಿಳಿಯುತ್ತಿತ್ತು. ಸಾಮಾನು ಕೊಳ್ಳಲು ಹೋಗುವ ಗಂಡಸರು, ಅದನ್ನು ಎತ್ತುವ ಕೈಯನ್ನು ಜತೆಗೆ ಕರೆದುಕೊಂಡು ಹೋಗುವುದು ಲೇಸು.

ನಾನ್‌ಸ್ಟಿಕ್ ಎಂಬ ಅಂಟದ ಕಾವಲಿಯ ಬಗೆಗೆ ಸೊಸೆಯಾಗಿ ಬರುವವಳ ಅಭಿಪ್ರಾಯವನ್ನು ಕೇಳೋಣವೆಂದರು ನಮ್ಮ ಮನೆಯವರು. 1938ರಲ್ಲಿ ಅಮೇರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ ಅಕಸ್ಮಾತ್ತಾಗಿ ದೊರೆತ ವಸ್ತುವಿನ ಲೇಪ ಅದು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಲೇಪ ಕೆಡಲಾರಂಭಿಸುತ್ತದೆ; ಬರಿಯ ಕಾವಲಿಯನ್ನು ದೊಡ್ಡ ಉರಿಯ ಮೇಲಿಟ್ಟು ಮರೆತರೆ ಆ ಕಾವು ಬರಲು ಬಹಳ ಹೊತ್ತು ಬೇಡ. ನಮ್ಮ ನೀರುದೋಸೆಗಾದರೋ ಚೆನ್ನಾಗಿ ಕಾದ ಕಾವಲಿಯೇ ಬೇಕು. ಹಿಟ್ಟು ಬಿದ್ದೊಡನೆ ಚೊರ್ ಎಂದು ಸದ್ದಾಗಿ ಜಾಲರಿಯಂತೆ ಕಣ್ಣು ಬಿಡದಿದ್ದರೆ ಅದು ನೀರುದೋಸೆಯೇ ಅಲ್ಲ. ಎಣ್ಣೆ ಕುಡಿದು ಕುಡಿದು ಕನ್ನಡಿಯಂತಾದ ಬೀಡಿನ ಕಾವಲಿಯೊಂದು ನಮ್ಮಲ್ಲಿ ಅಜ್ಜಿಯ ಕಾಲದಿಂದ ಇದೆ. ಹುಡುಗಿಯು ಬಂದವಳು ಅದನ್ನು ನೋಡಿ, ತನ್ನ ತವರಿನಲ್ಲಿಯೂ ದೋಸೆಗೆ ಇಂಥದೇ ಇದೆಯೆಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಕಂಚಿನ ಉರುಳಿಯ ವಿಷಯ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಅದು ಆರು ಕಿಲೋ ತೂಗುತ್ತದೆ. ಮೂರು ಪಾಲು ತಾಮ್ರಕ್ಕೂ ತುಸು ಹೆಚ್ಚು, ಉಳಿದುದು ತವರ; ಬಡಿದರೆ ಗಂಟೆಯಂತೆ ನುಡಿಯುತ್ತದೆ. ಹಿತ್ತಾಳೆಗೆ ಬೇಕಾಗುವಂತೆ ಇದಕ್ಕೆ ಕಲಾಯಿಯ ಅಗತ್ಯವಿಲ್ಲ. ಪಾಯಸಕ್ಕೆ ಇದಕ್ಕಿಂತ ಮಿಗಿಲಾದ ಪಾತ್ರೆಯಿಲ್ಲವೆಂಬುದು ತಾಯಿಯವರ ವಾದ, ಎತ್ತುವವರು ಯಾರೆಂಬುದು ನಮ್ಮ ಮನೆಯವರ ಪ್ರಶ್ನೆ. ಇಬ್ಬರ ಮಾತೂ ಸರಿಯಾದುದೇ. ಕೊನೆಗೆ ಉರುಳಿಯನ್ನು ಅಟ್ಟದಿಂದ ಇಳಿಸಿ, ಮೊಣಕಾಲಿನ ಮಟ್ಟದ ಕಲ್ಲಿನ ಹಲಗೆಯ ಮೇಲೆ, ತೆಂಗಿನ ನಾರಿನ ಸಿಂಬೆಯಲ್ಲಿ ಕೂರಿಸಿದ್ದೇವೆ. ಅದನ್ನು ಎತ್ತುವುದು ವರ್ಷಕ್ಕೆ ನಾಲ್ಕೈದು ಸಲ; ಆಗ ಎತ್ತಬೇಕಾದವರು ನಾವು ಮತ್ತು ಮಗ. ಈ ಒಪ್ಪಂದ ಇದುವರೆಗೆ ತಪ್ಪದೆ ನಡೆದಿದೆ.

ಹಿತ್ತಾಳೆಯ ಎರಡು ಪಾತ್ರೆಗಳಿಗೆ ಮಾತ್ರ ಬೇರೆ ಗತಿ. ವರ್ಷಕ್ಕೊಮ್ಮೆ ತಿದಿ ಹೊತ್ತು ಬರುತ್ತಿದ್ದ ಕಲಾಯಿಯವರು ನಮ್ಮ ಊರಿಗೆ ಬರುವುದು ನಿಂತಿದೆ. ತವರವು ಸುಮಾರು 232 ಡಿಗ್ರಿಗೆ ಕರಗುವುದರಿಂದ ಬರಿದಾದ ಪಾತ್ರೆಯನ್ನು ಗ್ಯಾಸಿನ ಉರಿಯ ಮೇಲಿಟ್ಟರೆ ಕಲಾಯಿ ಉಳಿಯದು. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಣಸೆಹುಳಿಯಾಗಲಿ ಮಜ್ಜಿಗೆಯಾಗಲಿ ಇಡಬಾರದು. ಅವು ಈಗ ಹೊಳೆಯುವಂತೆ ಉಜ್ಜಲ್ಪಟ್ಟು, ಒಂದು ಅಕ್ಕಿಯನ್ನೂ ಇನ್ನೊಂದು ಈರುಳ್ಳಿಯನ್ನೂ ಹೊತ್ತು ಕುಳಿತಿವೆ.

ಸಣ್ಣ ಪುಟ್ಟ ಸಾಮಾನುಗಳಲ್ಲಿ ಹಣ ನೀರಾಗುವುದು ಹೆಚ್ಚು. ಬಿಸಿಪಾತ್ರೆ ಹಿಡಿಯುವ ಹೂವಿನ ಕೈಚೀಲಗಳು, ಪಾತ್ರೆಯ ಅಡಿಗಿಡುವ ಬಿರಡೆಯ ಬಿಲ್ಲೆಗಳು, ಕೈ ಒರಸುವ ಬಣ್ಣದ ವಸ್ತ್ರಗಳು, ಇವುಗಳ ಬೆಲೆಯನ್ನು ಕೂಡಿಸಿದರೆ ಒಂದು ಒಳ್ಳೆಯ ಕುಕ್ಕರ್ ಬಂದೀತು. ಸಿಂಬೆಗಳನ್ನು ತಾಯಿಯವರು ತಾವೇ ಹೆಣೆದುಕೊಟ್ಟರು. ಕಣ್ಣಿನ ಹಂಗಿಲ್ಲದೆ ಬೆರಳುಗಳು ಮಾಡುವ ಕೆಲಸವದು. ವಸ್ತ್ರಕ್ಕೆ ಕೈಮಗ್ಗದ ತೆಳು ಬೈರಾಸುಗಳನ್ನು ತಂದು ನಾಲ್ಕು ತುಂಡು ಮಾಡಿ ಅಂಚು ಹೊಲಿಸಿದೆವು. ಅವು ನೀರನ್ನು ಹೀರುವಂತೆ ಅಂಗಡಿಯ ದಪ್ಪ ವಸ್ತ್ರಗಳು ಹೀರುವುದಿಲ್ಲ. ಒಂದು ಬಿಸಿಲಿಗೆ ಒಣಗುತ್ತವೆ. ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಆ ವಸ್ತ್ರವನ್ನು ನಾವು ಬೈರಾಸು ಎಂದರೆ ಸೊಸೆಯು ತೋರ್ತು ಎನ್ನುತ್ತಾಳೆ. ಅವಳ ತವರು ಚಂದ್ರಗಿರಿ ಹೊಳೆಯ ತೆಂಕಣಕ್ಕೆ, ಹೊಸದುರ್ಗ ತಾಲೂಕಿನಲ್ಲಿ. ಮನೆಮಾತು ಮಲೆಯಾಳ. ಕನ್ನಡವನ್ನು ಕೇಳಿ ತಿಳಿಯುತ್ತಾಳೆ, ಮದುವೆಯ ಅನಂತರ ಸಾಕಷ್ಟು ಆಡಲೂ ಕಲಿತಿದ್ದಾಳೆ, ಓದಲು ಬರುವುದಿಲ್ಲ. ನಮ್ಮ ತಾಯಿಯವರಿಗೆ ಕನ್ನಡದ ಹೊರತು ಬೇರೆ ಲಿಪಿ ಗೊತ್ತಿಲ್ಲ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಹತ್ತು ವರ್ಷದ ಬಾಲೆ. ಆ ಬಳಿಕ ಶಾಲೆಗೆ ಹೋದವರಲ್ಲ. ಗಡಿಯ ವಾದವಿವಾದಗಳನ್ನು ಸಭೆಗಳಲ್ಲಿ ನಾವು ಸಾಕಷ್ಟು ಕೇಳಿದ್ದೇವೆ, ಕೆಲವೊಮ್ಮೆ ಮಾತಾಡಿದ್ದೇವೆ ಕೂಡ. ಅದು ಸಾಸಿವೆಯ ಡಬ್ಬಿಯವರೆಗೆ ಬಂದೀತೆಂದು ಯಾರು ಬಲ್ಲರು?

ಡಬ್ಬಿಗಳಿಗೆ ಚೀಟಿ ಹಚ್ಚೋಣವೆಂದು ಮೊದಲು ಹೇಳಿದವಳು ಸೊಸೆಯೇ. ಯಾವ ಲಿಪಿಯಲ್ಲಿ ಎಂದು ನಾವು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಮಗನು ಇಂಗ್ಲೀಷಿನಲ್ಲಿ ಮುದ್ರಿಸಿದ ಚಂದದ ಚೀಟಿಗಳು ಸಿಕ್ಕುತ್ತವೆಂದನು. ಹಾಗೆ ಮಾಡಿದ್ದರೆ ಆ ಒಲೆಯ ಮುಂದೆ ನಿಲ್ಲುವ ಮೂವರಲ್ಲಿ ಯಾರ ಭಾಷೆಯೂ ಅಲ್ಲದ ಭಾಷೆಯಲ್ಲಿ ಜೀರಿಗೆಯ ಹೆಸರನ್ನು ಬರೆದಂತಾಗುತ್ತಿತ್ತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ನಮ್ಮದು; ದಪ್ಪ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ, ಎರಡು ಬೆರಳೆತ್ತರದ ಅಕ್ಷರಗಳಲ್ಲಿ ಕನ್ನಡದ ಹೆಸರನ್ನು ನಾವು ಬರೆದೆವು. ಅದರ ಕೆಳಗೆ ಸೊಸೆಯು ತನ್ನ ಲಿಪಿಯಲ್ಲಿ ಬರೆದಳು. ಕೊತ್ತಂಬರಿಯ ಕೆಳಗೆ ಮಲ್ಲಿ, ಮೆಂತೆಯ ಕೆಳಗೆ ಉಲುವ, ಸಾಸಿವೆಯ ಕೆಳಗೆ ಕಡುಗ್. ಉಪ್ಪು ಎರಡರಲ್ಲಿಯೂ ಉಪ್ಪೇ ಆದುದರಿಂದ ತಾಯಿಯವರಿಗೆ ಬಹಳ ನಗು ಬಂತು. ಅಂದು ಮಧ್ಯಾಹ್ನವೆಲ್ಲ ಅವರು ಸೊಸೆಯ ಬಳಿಯಲ್ಲಿ ಕುಳಿತು ಒಂದೊಂದು ಡಬ್ಬಿಯನ್ನೂ ತೆರೆದು, ಮೂಸಿ, ಅವಳಿಂದ ಹೆಸರು ಹೇಳಿಸಿದರು, ತಾವೂ ಹೇಳಿದರು. ಹಳೆಯ ಉಪ್ಪಿನ ಭರಣಿ ಇದ್ದ ಮೂಲೆಯಲ್ಲಿಯೇ ಇದೆ. ಸಾಂಬಾರ ಬಟ್ಟಲಿನ ಬಲಗಡೆಯ ಕುಳಿಯಲ್ಲಿ ಸಾಸಿವೆಯೇ ಇದೆ.

ಸಕ್ಕರೆಯ ಬಳಿ ಬಂದಾಗ ತೊಡಕಾಯಿತು. ನಾವು ಸಕ್ಕರೆ ಎಂದು ಬರೆದುದನ್ನು ಓದಿ ಹೇಳಿದಾಗ ಸೊಸೆಯು ಬೆಲ್ಲದ ಡಬ್ಬವನ್ನು ಮುಂದಿಟ್ಟಳು. ಮಲೆಯಾಳದಲ್ಲಿ ಶರ್ಕರವೆಂದರೆ ಬೆಲ್ಲ. ಸಕ್ಕರೆಗೆ ಪಂಚಸಾರವೆಂದು ಹೆಸರು. ಎರಡು ಸಾಲುಗಳನ್ನು ಒಟ್ಟಿಗೆ ಬರೆದರೆ ಒಬ್ಬರಿಗಲ್ಲದಿದ್ದರೆ ಒಬ್ಬರಿಗೆ ಚಹಾ ಕೆಡುವುದು ಖಂಡಿತ. ಹೀಗಾಗಿ ಅವೆರಡಕ್ಕೆ ಮಾತ್ರ ಚೀಟಿಯಿಲ್ಲ. ಅಗಲ ಬಾಯಿಯ ಎರಡು ಗಾಜಿನ ಭರಣಿಗಳನ್ನು ತಂದಿದ್ದೇವೆ. ಒಂದರಲ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಕಂದಾಗಿ, ಕಿಟಿಕಿಯ ಬೆಳಕಿಗೆ ದೂರದಿಂದಲೇ ಕಾಣುತ್ತವೆ.