ಎರಡು ಸಾಕ್ಷಿಗಳು ಬೇರೆ ಬೇರೆ ಹೇಳಿದಾಗ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೇಶಾವರದವರು, ಢಾಕಾದವರು, ಮಲಪ್ಪುರಂನವರು, ನಮ್ಮ ಪುತ್ತೂರು-ಬಂಟ್ವಾಳದವರು ಎಲ್ಲರೂ ಸೇರಿ ಒಂದು ಹಿಂದಿ ಆಡುತ್ತಾರೆ. ಕೆಲಸ ಬಲ್ಲವನನ್ನು ಆ ಭಾಷೆಯಲ್ಲಿ ‘ಉಸ್ತಾದ್’ ಎನ್ನುತ್ತಾರೆ. ಗ್ಯಾರೇಜಿನ ಇಲೆಕ್ಟ್ರೀಷಿಯನ್ನನಾದ ನನ್ನನ್ನೂ ಹಾಗೆಯೇ ಕರೆಯುತ್ತಾರೆ. ಆದರೆ ಹೈಬ್ರಿಡ್ ಕಾರುಗಳು ಬಂದ ಮೇಲೆ ಉಸ್ತಾದರೆಲ್ಲ ಮತ್ತೆ ವಿದ್ಯಾರ್ಥಿಗಳಾಗಬೇಕಾಯಿತು. ಜಪಾನಿನಲ್ಲಿ 1997ರಲ್ಲಿ ಪ್ರಿಯಸ್ ಮಾರಾಟಕ್ಕೆ ಬಂದಾಗ ಆರಂಭವಾದ ಈ ಪಾಠ ಇನ್ನೂ ಮುಗಿದಿಲ್ಲ.

ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಚಕ್ರಗಳನ್ನು ತಿರುಗಿಸುತ್ತದೆ. ಬ್ಯಾಟರಿಯ ವಿದ್ಯುತ್ತನ್ನು ಇನ್ವರ್ಟರ್ ಎಂಬ ಪೆಟ್ಟಿಗೆ ಮೂರು ಫೇಸುಗಳಾಗಿ ಮಾರ್ಪಡಿಸಿ ಮೋಟಾರಿಗೆ ಕಳಿಸುತ್ತದೆ. ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಅಳೆಯುವುದು ಕರೆಂಟ್ ಸೆನ್ಸರಿನ ಕೆಲಸ. ತಂತಿಯನ್ನು ಮುಟ್ಟದೆ, ಅದರ ಸುತ್ತಲಿನ ಕಾಂತಕ್ಷೇತ್ರದಿಂದಲೇ ಅದು ಲೆಕ್ಕ ಹಿಡಿಯುತ್ತದೆ. ಇದರ ಹಿಂದಿರುವ ತತ್ವವನ್ನು ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ. ಕೆಲವು ಕಾರುಗಳಲ್ಲಿ ಒಂದು ಫೇಸಿಗೆ ಎರಡು ಸೆನ್ಸರುಗಳಿರುತ್ತವೆ, ಒಂದು ಮುಖ್ಯ, ಇನ್ನೊಂದು ಉಪ. ಇಬ್ಬರು ಸಾಕ್ಷಿಗಳಿದ್ದಂತೆ. ಇಬ್ಬರ ಮಾತೂ ಒಂದೇ ಆಗಿರಬೇಕು. ವ್ಯತ್ಯಾಸ ಕಂಡರೆ ಕಂಪ್ಯೂಟರ್ ಎಚ್ಚರಿಕೆ ದೀಪ ಹಚ್ಚಿ ಮೋಟಾರಿಗೆ ಕಡಿವಾಣ ಹಾಕುತ್ತದೆ. ಮೋಟಾರಿನ ಎಳೆತವನ್ನು ಕರೆಂಟಿನ ಲೆಕ್ಕದಿಂದಲೇ ನಿಯಂತ್ರಿಸಬೇಕಾದ್ದರಿಂದ ತಪ್ಪು ಅಳತೆಯನ್ನು ನಂಬಿ ಓಡುವುದಕ್ಕಿಂತ ನಿಲ್ಲುವುದೇ ಕ್ಷೇಮ.

2024ರ ಕೊನೆಯಲ್ಲಿ ಪೇಶಾವರದ ಒಬ್ಬರು ಇಂಥ ಕಾರನ್ನು ಎಳೆಸಿಕೊಂಡು ಬಂದರು. ಸಣ್ಣ ಅಂಗಡಿಗಳಿಗೆ ಮೊಬೈಲ್ ಸಾಮಾನು ಹಾಕಿ ಬದುಕುವವರು. ಸ್ಕ್ಯಾನರಿನಲ್ಲಿ ಬಂದ ಕೋಡ್ ಪಿ0ಎ60, ಅಂದರೆ ಮೋಟಾರಿನ ‘ವಿ’ ಫೇಸ್ ಕರೆಂಟಿನ ದೋಷ. ಸೆನ್ಸರ್ ಇನ್ವರ್ಟರಿನ ಒಳಗಿದೆ, ಬಿಡಿಯಾಗಿ ಸಿಗುವುದಿಲ್ಲ, ಇನ್ವರ್ಟರನ್ನೇ ಬದಲಿಸಬೇಕು ಎಂದು ಬೇರೊಂದು ಗ್ಯಾರೇಜಿನವರು ಹೇಳಿದ್ದರಂತೆ. ಅವರು ಹೇಳಿದ ಮೊತ್ತ ಇವರ ಮೂರು ತಿಂಗಳ ಗಳಿಕೆಗಿಂತ ಹೆಚ್ಚು. “ಉಸ್ತಾದ್, ಗುಜರಿಗೆ ಕೊಟ್ಟುಬಿಡಲೇ?” ಎಂದು ಕೇಳಿದರು.

ಕೋಡನ್ನು ಅಳಿಸುವ ಮೊದಲು ಅದರ ಜೊತೆ ದಾಖಲಾಗಿದ್ದ ವಿವರಗಳನ್ನೆಲ್ಲ ಬರೆದುಕೊಂಡೆ. ಅಳಿಸಿದರೆ ಸಾಕ್ಷ್ಯವೂ ಅಳಿಯುತ್ತದೆ. ಮುಖ್ಯ ಮತ್ತು ಉಪ ಸೆನ್ಸರುಗಳ ಮಾತು ಹೊಂದುತ್ತಿಲ್ಲ ಎಂದು ಒಳವಿವರ ಹೇಳುತ್ತಿತ್ತು. 12 ವೋಲ್ಟಿನ ಸಣ್ಣ ಬ್ಯಾಟರಿ ಸರಿಯಾಗಿತ್ತು. ಇಂಥ ಕಾರಿನ ದೊಡ್ಡ ಬ್ಯಾಟರಿ ಸುಮಾರು 200 ವೋಲ್ಟಿನದು. ಇನ್ವರ್ಟರಿನೊಳಗೆ ಅದು 500 ದಾಟುವುದೂ ಉಂಟು. ಹಾಗಾಗಿ ಸರ್ವಿಸ್ ಪ್ಲಗ್ ಕಿತ್ತು ಜೇಬಿನಲ್ಲಿಟ್ಟುಕೊಂಡೆ. ಬೇರೆ ಯಾರೂ ತಿಳಿಯದೆ ಅದನ್ನು ಮತ್ತೆ ಸಿಕ್ಕಿಸಬಾರದು ಎಂಬುದಕ್ಕೆ ಈ ಪದ್ಧತಿ. ಹತ್ತು ನಿಮಿಷ ಕಾದು, ಇನ್ಸುಲೇಟೆಡ್ ಕೈಗವಸು ತೊಟ್ಟು, ವೋಲ್ಟೇಜ್ ಸೊನ್ನೆಯಾಗಿದೆ ಎಂದು ಮೀಟರಿನಲ್ಲಿ ನೋಡಿದ ಮೇಲೆಯೇ ಕೈಯಿಟ್ಟೆ.

ಮೂರು ದಪ್ಪ ಕೇಬಲುಗಳ ಬೋಲ್ಟುಗಳು ಬಿಗಿಯಾಗಿದ್ದವು, ಸುಟ್ಟ ಗುರುತಿರಲಿಲ್ಲ. ಇನ್ವರ್ಟರಿನಿಂದ ಕಂಪ್ಯೂಟರಿಗೆ ಹೋಗುವ ತೆಳು ತಂತಿಗಳನ್ನು ಎರಡೂ ತುದಿಯಲ್ಲಿ ಬಿಡಿಸಿ ಒಂದೊಂದಾಗಿ ಅಳೆದೆ. ಒಂದು ಓಮಿನೊಳಗೆ ಇರಬೇಕಾದ ರೋಧ ಒಂದು ತಂತಿಯಲ್ಲಿ ಹೆಚ್ಚಿತ್ತು, ಅಲುಗಿಸಿದರೆ ಏರಿಳಿಯುತ್ತಿತ್ತು. ಕನೆಕ್ಟರಿನ ಆ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು.

“ಗಾಡಿ ಎಂದಾದರೂ ನೀರಿನಲ್ಲಿ ನಿಂತಿತ್ತೇ?” ಎಂದು ಕೇಳಿದೆ. ನಿಂತಿತ್ತು. 2024ರ ಏಪ್ರಿಲ್ 16ರಂದು ಎಮಿರೇಟ್ಸಿನಲ್ಲಿ ಸುರಿದ ಮಳೆಯನ್ನು ಇಲ್ಲಿದ್ದ ಯಾರೂ ಮರೆಯುವುದಿಲ್ಲ. ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಬಿತ್ತು. ನಮ್ಮ ಕರಾವಳಿಗೆ ಅದು ಆಟಿ ತಿಂಗಳ ಒಂದು ದೊಡ್ಡ ಮಳೆ, ಮರಳುಗಾಡಿಗೆ ಪ್ರಳಯ. ಆ ನೀರು ಇಳಿದು ತಿಂಗಳುಗಳಾದರೂ ಅದರ ಕೆಲಸ ಮುಗಿದಿರಲಿಲ್ಲ. ಸಾಕ್ಷಿಗಳಿಬ್ಬರೂ ನಿಜವನ್ನೇ ಹೇಳುತ್ತಿದ್ದರು, ಒಬ್ಬರ ಮಾತು ಮುಟ್ಟಿಸುವ ದಾರಿ ಕೆಟ್ಟಿತ್ತು. ಪಿನ್ ಬದಲಿಸಿ, ಕನೆಕ್ಟರ್ ಸ್ವಚ್ಛ ಮಾಡಿ, ಕೋಡ್ ಅಳಿಸಿ ಓಡಿಸಿ ನೋಡಿದೆ. ದೀಪ ಮತ್ತೆ ಹತ್ತಲಿಲ್ಲ.

ಇನ್ವರ್ಟರೇ ಕೆಟ್ಟಿರುವ ಕಾರುಗಳೂ ಬರುತ್ತವೆ. ಆಗ ಬದಲಿಸಲೇಬೇಕು. ಆದರೆ ಕೋಡ್ ಎಂಬುದು ದೂರು ಮಾತ್ರ, ತೀರ್ಪಲ್ಲ. ದೂರನ್ನೇ ತೀರ್ಪೆಂದು ಓದಿದರೆ ನಷ್ಟ ಯಾರದು? ಬಾನೆಟ್ಟಿನ ಒಳಗೆ ಏನಿದೆಯೆಂದು ತಿಳಿಯದ, ನಮ್ಮ ಮಾತಲ್ಲದೆ ಬೇರೆ ಆಧಾರವಿಲ್ಲದ ಗ್ರಾಹಕನದು. ಅಳತೆ-ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, 83ನೆಯದು, ಅಲ್ ಮುತಫ್ಫಿಫೀನ್. ಅದನ್ನು ಓದುವಾಗ ನಮಗೆ ದಿನಸಿ ಅಂಗಡಿಯ ತಕ್ಕಡಿಯಷ್ಟೇ ನೆನಪಾಗುತ್ತದೆ. ಮೆಕ್ಯಾನಿಕನ ಕೈಯ ಮೀಟರೂ ತಕ್ಕಡಿಯೇ. ಅಳೆಯದೆ ಬಿಲ್ ಬರೆಯುವುದೂ ಕಡಿಮೆ ತೂಗಿದಂತೆಯೇ.

ಬಿಡದಿಯಲ್ಲಿ 2013ರಿಂದಲೇ ಹೈಬ್ರಿಡ್ ಕಾರುಗಳನ್ನು ಜೋಡಿಸಲಾಗಿದೆ. ಅವು ಹಳತಾಗಿ ಕೈಯಿಂದ ಕೈಗೆ ದಾಟಿ ನಮ್ಮೂರ ಸಣ್ಣ ಗ್ಯಾರೇಜುಗಳಿಗೂ ಬರುತ್ತವೆ. ಐಟಿಐ ಮುಗಿಸಿ ಅಲ್ಲಿ ಕೆಲಸಕ್ಕೆ ನಿಲ್ಲುವ ಹುಡುಗರಿಗೆ ಸ್ಕ್ಯಾನರ್ ಕೊಡಿಸುವವರು ಸಿಕ್ಕಾರು. ಅದರ ಜೊತೆಗೆ ಒಂದು ಜೊತೆ ಒಳ್ಳೆಯ ಕೈಗವಸು, ಹತ್ತು ನಿಮಿಷ ಕಾಯುವ ತಾಳ್ಮೆ, ಅಳೆದ ಮೇಲಷ್ಟೇ ಬಾಯಿ ತೆರೆಯುವ ಅಭ್ಯಾಸವನ್ನೂ ಕಲಿಸಬೇಕು. ಮೊದಲ ಎರಡು ಅವರ ಪ್ರಾಣ ಉಳಿಸುತ್ತವೆ. ಮೂರನೆಯದು ಗ್ರಾಹಕನ ಮನೆಯ ಅನ್ನ ಉಳಿಸುತ್ತದೆ.